ಶ್ರಾವಣ ಸೋಮವಾರದ ಕಬ್ಬಿಣದ ದಾರಿ

ಯಲಬುರ್ಗಾ

ಇಟಲಿಗೆ ಹೋಗಿ ಬಂದೆನೆಂದರೆ ನಮ್ಮ ಕಡೆಯ ಜನ ಮೊದಲು ಕೇಳುವುದು ಅಲ್ಲಿ ಜೋಳದ ರೊಟ್ಟಿ ಸಿಗುತ್ತದೆಯೇ ಎಂದು. ಸಿಗುವುದಿಲ್ಲ ಎಂದ ಕೂಡಲೇ ಅರ್ಧ ಜನರಿಗೆ ಆ ದೇಶದ ಮೇಲಿನ ಆಸಕ್ತಿ ಹೋಗುತ್ತದೆ. ಉಳಿದವರು, ಅದರಲ್ಲೂ ಕುಷ್ಟಗಿ ಕಡೆಯವರು, ಕುಡಿಯುವ ನೀರಿನ ವಿಷಯ ಕೇಳುತ್ತಾರೆ. ಬೆಟ್ಟದ ವಿಷಯ ಯಾರೂ ಕೇಳುವುದಿಲ್ಲ. ಹಾಗಾಗಿ ಯಾರೂ ಕೇಳದಿದ್ದರೂ ನಾನೇ ಹೇಳಬೇಕಾಗಿದೆ.

ಹೋದವನು ನಾನೊಬ್ಬನೇ ಅಲ್ಲ. ನನ್ನ ಸೋದರಮಾವ ಬಸಲಿಂಗಪ್ಪನವರು ಯಲಬುರ್ಗಾದಲ್ಲಿ ಔಡಲ, ಶೇಂಗಾ ವ್ಯಾಪಾರ ಮಾಡಿಕೊಂಡಿದ್ದರು. ಎಣ್ಣೆ ತೆಗೆಯುವ ಹೊಸ ತರಹದ ಯಂತ್ರವನ್ನು ಇಟಲಿಯ ಮಿಲಾನ್ ಪಟ್ಟಣದಲ್ಲಿ ಮಾಡುತ್ತಾರೆಂದು ಮುಂಬಯಿಯ ದಲಾಲರು ಅವರ ಕಿವಿಗೆ ಹಾಕಿದ್ದರು. ಕಣ್ಣಿಂದ ನೋಡದೆ ಎತ್ತಿನ ಮೂಗುದಾಣವನ್ನೂ ಕೊಳ್ಳದ ಮಾವ, ಯಂತ್ರವನ್ನು ನೋಡಿಯೇ ಬರುತ್ತೇನೆಂದು ಹೊರಟುನಿಂತರು. ಇಂಗ್ಲಿಷ್ ಬರುವವನೊಬ್ಬ ಜೊತೆಗೆ ಬೇಕಾಯಿತು. ಗಂಗಾವತಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದ ನಾನು ಹೈದರಾಬಾದಿನ ಕಾಲೇಜು ಕಂಡವನು, ಅದಕ್ಕಿಂತ ಮುಖ್ಯವಾಗಿ ಎದುರು ಮಾತಾಡಿದರೂ ಹೇಳಿದ ಕೆಲಸ ಮಾಡುವ ಅಳಿಯ. ಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಮೃಗಶಿರ ಮಳೆ ಹಿಡಿದಾಗ ಮುಂಬಯಿಯಲ್ಲಿ ಹಡಗು ಹತ್ತಿದೆವು.

ಮಾವನ ಪೆಟ್ಟಿಗೆ ತೆರೆದರೆ ಮೇಲೆಯೇ ಕಾಣುತ್ತಿದ್ದುದು ಆ ವರ್ಷದ ಪಂಚಾಂಗ. ಅದರ ಕೆಳಗೆ ಅತ್ತೆ ಕಟ್ಟಿಕೊಟ್ಟ ಶೇಂಗಾ ಚಟ್ನಿಯ ಡಬ್ಬಿ, ಅದರ ಕೆಳಗೆ ಉಳಿದ ಪ್ರಪಂಚ. ಹಡಗಿನಲ್ಲಿ ಬೆಳಗಾದರೆ ಅವರು ಪಂಚಾಂಗ ತೆರೆದು ಆ ದಿನದ ರಾಹುಕಾಲ ಗುರುತು ಹಾಕಿಕೊಳ್ಳುತ್ತಿದ್ದರು.

"ಅದು ನಮ್ಮೂರ ಸೂರ್ಯೋದಯಕ್ಕ ಬರದದ್ದ್ರಿ ಮಾವ, ಸಮುದ್ರದಾಗ ನಡಿಯಾಂಗಿಲ್ಲ" ಎಂದೆ.

"ಸೂರ್ಯ ಅಂತೂ ಒಬ್ಬನ ಅದಾನಲ್ಲ" ಎಂದರು ಮಾವ. ಆಮೇಲೆ ಅಲೆ ಎದ್ದು ಇಬ್ಬರಿಗೂ ವಾಂತಿಯಾಗಿ ಆ ಚರ್ಚೆ ಅಷ್ಟಕ್ಕೇ ನಿಂತಿತು.

ಕಾಲೇಜು ಓದಿದವನೆಂಬ ಗರ್ವ ನನಗೆ ಸಾಕಷ್ಟಿತ್ತು. ರಾಹುಕಾಲದಲ್ಲೇ ಬೇಕೆಂದು ಕ್ಷೌರ ಮಾಡಿಕೊಂಡು ಬಂದು ಮಾವನ ಎದುರು ಕೂತು ಚಹಾ ಕುಡಿಯುತ್ತಿದ್ದೆ. ಅವರು ನನ್ನ ಗಲ್ಲದ ಮೇಲಿನ ಗಾಯವನ್ನು ನೋಡಿ ಪಂಚಾಂಗದ ಪುಟ ತಿರುವುತ್ತಿದ್ದರು.

ಮಿಲಾನ್

ಯಂತ್ರ ಮಾವನಿಗೆ ಹಿಡಿಸಿತು. ಆದರೆ ನಮ್ಮ ಔಡಲದ ಕಾಳಿಗೆ ತಕ್ಕ ಜರಡಿ ಕೂಡಿಸಿ, ಓಡಿಸಿ ತೋರಿಸಲು ಆರು ವಾರ ಬೇಕೆಂದರು. ಆರು ವಾರ ಏನು ಮಾಡುವುದು? ಮಿಲಾನಿನ ಜನ ಮಧ್ಯಾಹ್ನ ಊಟವಾದ ಮೇಲೆ ಅಂಗಡಿಗೆ ಬಾಗಿಲು ಹಾಕಿ ಮಲಗುತ್ತಾರೆ. ಇದನ್ನು ಕಂಡು ಮಾವನಿಗೆ ಆ ದೇಶದ ಮೇಲೆ ಪ್ರೀತಿ ಹುಟ್ಟಿತು. ದಿನಾ ಒಂದು ಗಂಟೆಗೆ ರುಮಾಲು ಬಿಚ್ಚಿಟ್ಟು ಅವರೂ ಮಲಗತೊಡಗಿದರು.

ಯಂತ್ರದವರ ಕಚೇರಿಯಲ್ಲಿ ಗೋಡೆಗೆ ಒಂದು ಚಿತ್ರ ಹಾಕಿದ್ದರು. ಗೋಡೆಯಂತೆ ನೆಟ್ಟಗೆ ನಿಂತ ಬಂಡೆ. ಅದಕ್ಕೆ ಕಬ್ಬಿಣದ ಮೊಳೆ, ಕಬ್ಬಿಣದ ಹಗ್ಗ, ಕಬ್ಬಿಣದ ಏಣಿ. ಏಣಿಯ ಮೇಲೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡ ನಾಲ್ಕು ಜನ. ಹಿಂದಿನ ಮಹಾಯುದ್ಧದಲ್ಲಿ ಸೈನಿಕರು ಬೆಟ್ಟ ಹತ್ತಲು ಹೊಡೆದದ್ದಂತೆ. ಯುದ್ಧ ಮುಗಿದ ಮೇಲೆ ಜನ ಸುಮ್ಮನೆ ಸಂತೋಷಕ್ಕೆ ಅದರ ಮೇಲೆ ಹತ್ತುತ್ತಾರೆ, ಕರೆದುಕೊಂಡು ಹೋಗಲು ದಾರಿ ತೋರಿಸುವವರಿದ್ದಾರೆ. ಕಬ್ಬಿಣದ ದಾರಿ ಎಂದೇ ಅದಕ್ಕೆ ಹೆಸರು. ಮಾವ ಚಿತ್ರದ ಮುಂದೆ ಬಹಳ ಹೊತ್ತು ನಿಂತರು.

"ಅಳ್ಯಾ, ಕೇಳು. ವಯಸ್ಸಾದವರನ್ನ ಕರಕೊಂಡ ಹೋಗ್ತಾರೇನು?"

ಅವರು ಯಾಕೆ ಕೇಳಿದರೆಂದು ನನಗೆ ಗೊತ್ತಿತ್ತು. ನಮ್ಮ ಇಡೀ ಬಳಗಕ್ಕೆ ಗೊತ್ತಿರುವ ಕಥೆ. ನೀಲವ್ವ ಅತ್ತೆ ಕೊಪ್ಪಳದವಳು, ಕೋಟೆಯ ಗುಡ್ಡದ ಬುಡದಲ್ಲೇ ಹುಟ್ಟಿ ಬೆಳೆದವಳು. ಮದುವೆಯಾದ ಹೊಸದರಲ್ಲಿ ಬೀಗರೆಲ್ಲ ಸೇರಿ ಅಳಿಯನಿಗೆ ಕೋಟೆ ತೋರಿಸಲು ಕರೆದೊಯ್ದರು. ಅರ್ಧ ಹತ್ತುವುದರೊಳಗೆ ಮಾವನಿಗೆ ತಲೆ ತಿರುಗಿ, ಮೆಟ್ಟಿಲ ಮೇಲೆ ಕೂತು, ಕೂತಂತೆಯೇ ಜಾರುತ್ತ ಇಳಿದುಬಂದರು. ಅತ್ತೆ ಮೇಲಿನವರೆಗೆ ಹೋಗಿ ಬಾವುಟ ಬೀಸಿದ ಹಾಗೆ ಸೆರಗು ಬೀಸಿದಳಂತೆ. ಅಂದಿನಿಂದ ಮೂವತ್ತು ವರ್ಷ ಅವರು ನಮ್ಮ ಬಳಗದಲ್ಲಿ 'ಅರ್ಧಗುಡ್ಡ'. ಅಂಗಡಿಯಲ್ಲಿ ಪಲ್ಲದ ಲೆಕ್ಕದಲ್ಲಿ ಮಾಲು ಅಳೆಯುವಾಗ, ಜಗಳ ಬಿಡಿಸುವಾಗ, ಮೊಮ್ಮಗುವನ್ನು ಎತ್ತಿ ಆಡಿಸುವಾಗ ಕೂಡ ಯಾರಾದರೊಬ್ಬರು ಅದನ್ನು ನೆನಪು ಮಾಡಿಯೇ ಮಾಡುತ್ತಿದ್ದರು. ಅತ್ತೆಯಂತೂ ಬೀಗರು ಬಂದಾಗ ಬಡಿಸುತ್ತಲೇ ಅಭಿನಯಿಸಿ ತೋರಿಸುತ್ತಿದ್ದಳು. ಮಾವ ನಕ್ಕು ಊಟ ಮುಂದುವರಿಸುತ್ತಿದ್ದರು. ಆ ನಗೆಯ ಹಿಂದೆ ಏನಿತ್ತೆಂದು ಚಿತ್ರದ ಮುಂದೆ ನಿಂತಾಗಲೇ ನನಗೆ ಕಂಡದ್ದು.

"ಒಮ್ಮೆ ತುದಿ ಮುಟ್ಟಿ ಬರ್ತೀನಿ. ಆಮ್ಯಾಲೆ ನಿಮ್ಮತ್ತಿ ಏನ ಅಂತಾಳ ನೋಡೂಣು" ಎಂದರು.

ಆಷಾಢ

ಬೆಟ್ಟಗಳು ಮಿಲಾನಿನಿಂದ ಒಂದು ದಿನದ ದಾರಿ, ಡೊಲೊಮೈಟ್ ಎಂದು ಹೆಸರು. ನಾವು ಇಳಿದ ಹಳ್ಳಿ ನಮ್ಮ ಕಡೆಯ ಹನುಮಸಾಗರದ ಕಾಲುಭಾಗವೂ ಇರಲಿಕ್ಕಿಲ್ಲ. ದಾರಿ ತೋರಿಸುವವನ ಹೆಸರು ಲುಯಿಜಿ. ಐವತ್ತೈದರ ಆಸುಪಾಸು, ಮಾವನ ವಯಸ್ಸೇ. ಅಮೆರಿಕದ ಗಣಿಯಲ್ಲಿ ಕೆಲವು ವರ್ಷ ದುಡಿದು ಬಂದಿದ್ದರಿಂದ ಹರಕು ಇಂಗ್ಲಿಷ್ ಬರುತ್ತಿತ್ತು. ಯುದ್ಧದಲ್ಲಿ ಅದೇ ಬಂಡೆಗೆ ಮೊಳೆ ಹೊಡೆದವರಲ್ಲಿ ಅವನೂ ಒಬ್ಬ. ಅವನೂ ಅವನ ಹೆಂಡತಿಯೂ ಸಣ್ಣ ಖಾನಾವಳಿಯೊಂದನ್ನು ನಡೆಸುತ್ತಿದ್ದರು, ನಾವು ಉಳಿದದ್ದು ಅಲ್ಲೇ.

ಮಾವ ಮೊದಲು ಕೇಳಿದ್ದು ಇದಕ್ಕೆ ಒಳ್ಳೆಯ ಕಾಲ ಯಾವುದು ಎಂದು. ಲುಯಿಜಿಗೆ ಆ ಪ್ರಶ್ನೆಯಿಂದ ಬಹಳ ಸಂತೋಷವಾಯಿತು. ಪಟ್ಟಣದಿಂದ ಬರುವವರು ಎಷ್ಟು ಹೊತ್ತು ಬೇಕು, ಮೇಲೆ ಫೋಟೋ ತೆಗೆಯಬಹುದೇ ಎಂದಷ್ಟೇ ಕೇಳುತ್ತಾರಂತೆ. ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತ ಹೇಳಿದ: ಜೂನ್ ತಿಂಗಳಲ್ಲಿ ಏಣಿಯ ಅರ್ಧ ಹಿಮದೊಳಗೆ ಹೂತಿರುತ್ತದೆ. ಜುಲೈ ನಡುವಿಗೆ ಅದು ಕರಗುತ್ತದೆ, ಆಗ ತಾನು ಹೋಗಿ ಒಂದೊಂದು ಮೊಳೆಯನ್ನೂ ಸುತ್ತಿಗೆಯಿಂದ ಬಡಿದು ಸದ್ದು ಕೇಳುತ್ತೇನೆ. ಆಗಸ್ಟಿನಲ್ಲಿ ಮಧ್ಯಾಹ್ನವಾದರೆ ಗುಡುಗು, ಸಿಡಿಲು. ಕಬ್ಬಿಣ ಹಿಡಿದುಕೊಂಡು ನಿಂತವನಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಸೆಪ್ಟೆಂಬರಿನ ಮೊದಲ ಎರಡು ವಾರ ಎಲ್ಲಕ್ಕಿಂತ ಚೆನ್ನ, ಬಂಡೆ ಒಣಗಿರುತ್ತದೆ, ಆಕಾಶ ಮಾತಿಗೆ ತಪ್ಪುವುದಿಲ್ಲ. ಅಕ್ಟೋಬರಿನಲ್ಲಿ ನೆರಳಿನ ಕಡೆ ನೀರು ಹೆಪ್ಪುಗಟ್ಟಿ ಕಾಲು ನಿಲ್ಲುವುದಿಲ್ಲ.

ನಾನು ಎಲ್ಲವನ್ನೂ ಮಾವನಿಗೆ ಹೇಳಿದೆ. ಅವರು ಯೋಚಿಸಿ, "ನಮ್ಮ ಕಡೆ ಗುಡ್ಡ ಹತ್ತಬೇಕಂದ್ರ ಮಾರ್ಗಶಿರ ಮಾಸ ಭಾಳ ಛಲೋ ಅನ್ನು. ಚೈತ್ರದಾಗ ಇಂಥಾ ಕಬ್ಬಿಣ ಹಿಡದ್ರ ಅಂಗೈಮ್ಯಾಲೆ ರೊಟ್ಟಿ ಸುಡಬಹುದು ಅಂತ ಹೇಳು" ಎಂದರು.

ಮಾರ್ಗಶಿರವೆಂದರೆ ಡಿಸೆಂಬರ್ ಎಂದು ಲೆಕ್ಕ ಹಾಕಿ ಹೇಳಿದೆ. ಡಿಸೆಂಬರಿನಲ್ಲಿ ಈ ಮನೆಯ ಬಾಗಿಲು ತೆರೆಯಬೇಕಾದರೆ ಮೊದಲು ಹಿಮ ಅಗೆಯಬೇಕು ಎಂದ ಲುಯಿಜಿ. ಇಬ್ಬರೂ ಒಬ್ಬರ ದೇಶಕ್ಕೆ ಇನ್ನೊಬ್ಬರು ಮರುಕಪಟ್ಟರು.

ನಮ್ಮ ಹಡಗು ಆಗಸ್ಟಿನ ಕೊನೆಗೆ ಜಿನೋವಾ ಬಂದರಿನಿಂದ ಹೊರಡುವುದಿತ್ತು. ಸೆಪ್ಟೆಂಬರಿನ ಆಸೆ ಬಿಡಬೇಕಾಯಿತು. ಆಗ ಜುಲೈ ನಡುವಿನ ದಿನಗಳು, ಹಿಮ ಕರಗಿತ್ತು, ಬಿಸಿಲು ಒಳ್ಳೆಯದಿತ್ತು. ಹಾಗಾದರೆ ನಾಳೆಯೇ ಹೋಗೋಣ ಎಂದ ಲುಯಿಜಿ. ಮಾವ ಪಂಚಾಂಗ ತೆರೆದರು.

"ಆಷಾಢ ಐತಿ. ಹೊಸಾ ಕೆಲಸ ಹಿಡಿಯಾಂಗಿಲ್ಲ."

"ಮಾವ, ಆಷಾಢ ನಮಗರಿ, ಈ ಬೆಟ್ಟಕ್ಕ ಎಲ್ಲೀದು? ಹಿಂಗಾದ್ರ ನೀವು ಊರು ಬಿಟ್ಟು ಹೆಂಗ ಬಂದ್ರಿ?"

"ಅದಕ್ಕ ಜ್ಯೇಷ್ಠದಾಗ ಹಡಗ ಹತ್ತಿದ್ದು" ಎಂದು ಮಾವ ಪುಸ್ತಕ ಮುಚ್ಚಿದರು.

ಇದನ್ನು ಲುಯಿಜಿಗೆ ಹೇಗೆ ಹೇಳುವುದೆಂದು ನನಗೆ ನಾಚಿಕೆಯಾಯಿತು. ವಿದ್ಯಾವಂತನಾದ ನಾನು ಇಂಥ ಮಾತಿಗೆ ಬಾಯಾಗಬೇಕೇ ಎಂದು ಮುಖ ಕೆಂಪಗೆ ಮಾಡಿಕೊಂಡು ಹೇಳಿದೆ. ಅವನು ನಗಲಿಲ್ಲ. ಒಳಗೆ ಹೋಗಿ ಹೆಂಡತಿಯನ್ನು ಕೇಳಿ ಬಂದ. ಅವರಲ್ಲಿಯೂ ಮಂಗಳವಾರ ಮತ್ತು ಶುಕ್ರವಾರ ಮದುವೆ ಮಾಡುವುದಿಲ್ಲ, ಪ್ರಯಾಣ ಹೊರಡುವುದಿಲ್ಲವಂತೆ. ತನ್ನ ತಾಯಿ ಬದುಕಿದ್ದಷ್ಟು ಕಾಲ ತಾನು ಶುಕ್ರವಾರ ಆ ಏಣಿಗೆ ಕೈ ಹಚ್ಚಿದವನಲ್ಲ ಎಂದ. ಮಂಗಳವಾರ, ಶುಕ್ರವಾರ ಮಗಳನ್ನು ಗಂಡನ ಮನೆಗೆ ಕಳಿಸದ ನಮ್ಮ ಮಾವ ಎದ್ದು ನಿಂತು ಅವನ ಕೈ ಹಿಡಿದು ಕುಲುಕಿದರು. ಆ ಮನೆಯಲ್ಲಿ ಪರದೇಶಿಯಾಗಿ ಉಳಿದವನು ನಾನೊಬ್ಬನೇ.

ಶ್ರಾವಣದಲ್ಲಿ ಬರುವುದಾಗಿ ಹೇಳಿ ಮಿಲಾನಿಗೆ ಮರಳಿದೆವು.

ಶ್ರಾವಣ

ಯಂತ್ರ ಓಡುವುದನ್ನು ನೋಡಿ, ಮುಂಗಡ ಕೊಟ್ಟು, ಶ್ರಾವಣದಲ್ಲಿ ಬಂದೆವು. ನಮ್ಮ ಹಿಂದೆಯೇ ಮಳೆಯೂ ಬಂತು. ಒಂದು ದಿನ, ಎರಡು ದಿನ, ಐದು ದಿನ. ಬೆಳಿಗ್ಗೆ ಆಕಾಶ ಕಣ್ಣು ತೆರೆದಂತೆ ಮಾಡುವುದು, ಹತ್ತು ಗಂಟೆಗೆ ಶಿಖರಕ್ಕೆ ಮೋಡದ ಕುಲಾವಿ ಬೀಳುವುದು, ಮಧ್ಯಾಹ್ನಕ್ಕೆ ಗುಡುಗು. ಜುಲೈಯಲ್ಲಿ ಹೋಗಿದ್ದರೆ ಇಷ್ಟು ಹೊತ್ತಿಗೆ ಜಿನೋವಾದಲ್ಲಿ ಕಡಲೆ ತಿನ್ನುತ್ತ ಕೂತಿರಬಹುದಿತ್ತು ಎಂದು ನಾನು ದಿನಕ್ಕೆರಡು ಸಲ ಮಾವನಿಗೆ ನೆನಪಿಸುತ್ತಿದ್ದೆ.

ಮಾವನಿಗೆ ಬೇಸರವೇ ಇರಲಿಲ್ಲ. ಲುಯಿಜಿ ಬಾಗಿಲ ಬಳಿ ಒಂದು ನಾರಿನ ಹಗ್ಗ ಕಟ್ಟಿದ್ದ. ಗಾಳಿಯಲ್ಲಿ ನೀರಿದ್ದರೆ ಅದು ಬಿಗಿಯುತ್ತದೆ, ಒಣಗಿದರೆ ಸಡಿಲವಾಗುತ್ತದೆ. ಬಂಡಿಯ ಹಗ್ಗ ನೋಡಿ ಮಳೆ ಹೇಳುವ ನಮ್ಮವರ ವಿದ್ಯೆಯೂ ಅದೇ. ದಿನಾ ಬೆಳಿಗ್ಗೆ ಇಬ್ಬರೂ ಹೋಗಿ ಆ ಹಗ್ಗವನ್ನು ಚಿವುಟಿ, ಒಬ್ಬರ ಮುಖ ಒಬ್ಬರು ನೋಡಿ, ತಲೆ ಅಲ್ಲಾಡಿಸಿ ಒಳಗೆ ಬರುತ್ತಿದ್ದರು. ಮಾವ ಅವನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು, ಅವನು ತನ್ನ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದ. ನಾನು ನಡುವೆ ಬಾಯಿ ಹಾಕಿದರೆ ಇಬ್ಬರಿಗೂ ತೊಂದರೆಯಾದಂತೆ ಕಾಣುತ್ತಿತ್ತು.

ಊಟಕ್ಕೆ ಗೋವಿನಜೋಳದ ಹಿಟ್ಟಿನ ಮುದ್ದೆ. ಲುಯಿಜಿಯ ಹೆಂಡತಿ ಅದನ್ನು ಹಲಗೆಯ ಮೇಲೆ ಸುರಿದು, ದಾರದಿಂದ ಕತ್ತರಿಸಿ ಕೊಡುತ್ತಿದ್ದಳು. ಮಾವ ಅದಕ್ಕೆ ಶೇಂಗಾ ಚಟ್ನಿ ಹಚ್ಚಿ ತಿಂದರು. ಮೂರನೆಯ ದಿನ ಲುಯಿಜಿಯೂ ಹಚ್ಚಿಕೊಂಡ. ಐದನೆಯ ದಿನ ಡಬ್ಬಿ ಬರಿದಾಯಿತು.

"ಇದು ಮಘಿ ಮಳಿ. ಮಘಿ ಮಳಿ ಬಂದಷ್ಟೂ ಛಲೋ, ಮನಿ ಮಗ ಉಂಡಷ್ಟೂ ಛಲೋ" ಎಂದು ಹೇಳಿ ಮಾವ ನನ್ನ ತಟ್ಟೆಗೆ ಇನ್ನೊಂದು ತುಂಡು ಹಾಕಿದರು.

ರವಿವಾರ ಬೆಳಿಗ್ಗೆ ಹಗ್ಗ ಸಡಿಲವಾಗಿತ್ತು. ಸಂಜೆ ಇನ್ನೂ ಸಡಿಲವಾಯಿತು. ಲುಯಿಜಿ ಅಂಗಳದಲ್ಲಿ ನಿಂತು ಎಲ್ಲ ಶಿಖರಗಳನ್ನೂ ಸುತ್ತಿ ನೋಡಿ ಹೇಳಿದ: ನಾಳೆ ಒಂದು ದಿನ ಸಿಗುತ್ತದೆ. ಮಧ್ಯಾಹ್ನದೊಳಗೆ ಕೆಳಗೆ ಬಂದಿರಬೇಕು. ನಾಡಿದ್ದಿನಿಂದ ಮತ್ತೆ ಕೆಡುತ್ತದೆ. ಬುಧವಾರ ನಾವು ಜಿನೋವಾದ ರೈಲು ಹತ್ತಬೇಕಿತ್ತು. ಮೂವತ್ತು ವರ್ಷದ ಹೆಸರನ್ನು ತೊಳೆದುಕೊಳ್ಳಲು ಮಾವನಿಗೆ ಸಿಕ್ಕದ್ದು ಅದೊಂದೇ ದಿನ.

"ಶ್ರಾವಣ ಸೋಮವಾರ. ಶಿವನ ದಿನ. ನೋಡಿದ್ಯಾ, ಕಾಯ್ದದ್ದಕ್ಕ ಏನ್ ಸಿಕ್ತು" ಎಂದರು ಮಾವ.

ಸೋಮವಾರ

ಇಲ್ಲಿ ನನ್ನ ಒಂದು ಗುಟ್ಟನ್ನು ಹೇಳಬೇಕು. ಗಂಗಾವತಿ ಬಿಡುವಾಗ ನನ್ನ ತಾಯಿ ನನ್ನಿಂದ ಒಂದು ಆಣೆ ಮಾಡಿಸಿಕೊಂಡಿದ್ದಳು. ಎಲ್ಲೇ ಇರು, ಶ್ರಾವಣ ಸೋಮವಾರ ಹೊತ್ತು ಮುಳುಗಿ ಪೂಜೆಯಾಗುವವರೆಗೆ ಬಾಯಲ್ಲಿ ಏನನ್ನೂ ಹಾಕಬಾರದು. ಹೂಂ ಎಂದಿದ್ದೆ. ಇದನ್ನು ಮಾವನಿಗೆ ಹೇಳಲು ಸಾಧ್ಯವಿತ್ತೇ? ರಾಹುಕಾಲದಲ್ಲಿ ಕ್ಷೌರ ಮಾಡಿಕೊಂಡವನು, ಆಷಾಢವನ್ನು ಗೇಲಿ ಮಾಡಿದವನು. ಮಿಲಾನಿನಲ್ಲಿ ಎರಡು ಸೋಮವಾರ ತಿರುಗಾಡಿ ಬರುತ್ತೇನೆಂದು ಹೊರಗೆ ಹೋಗಿ, ಒಂದು ಉದ್ಯಾನದ ಬೆಂಚಿನ ಮೇಲೆ ಹಸಿದು ಕೂತು, ಪೇಟೆಯಲ್ಲಿ ಉಂಡೆನೆಂದು ಸುಳ್ಳು ಹೇಳಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ನಮ್ಮಲ್ಲಿ ಗಾದೆಯಿದೆ. ನನ್ನದು ತಿರುವುಮುರುವು: ಬದನೆಕಾಯಿಯ ಭಾಷಣ ಮಾಡಿ ಕದ್ದು ಆಚಾರ ಮಾಡುತ್ತಿದ್ದೆ.

ಬೆಳಕು ಹರಿಯುವ ಮುಂಚೆ ಮೇಜಿನ ಮೇಲೆ ತಿಂಡಿ ಬಂತು. ಲುಯಿಜಿ ಒಂದೇ ನಿಯಮ ಹೇಳಿದ. ಹೊಟ್ಟೆ ತುಂಬಿರದವನನ್ನು ತಾನು ಏಣಿಗೆ ಕರೆದೊಯ್ಯುವುದಿಲ್ಲ.

ಮಾವ ಮುಚ್ಚುಮರೆ ಮಾಡಲಿಲ್ಲ. "ಇವತ್ತ ನಂದು ಒಪ್ಪತ್ತು ಐತಿ ಅಂತ ಹೇಳು. ಅನ್ನ ರೊಟ್ಟಿ ನಡಿಯಾಂಗಿಲ್ಲ, ಫಳಾರ ನಡಿತೈತಿ" ಎಂದರು. ನಾನು ಹೇಳಿದೆ. ಲುಯಿಜಿಯ ಹೆಂಡತಿ ಹಾಲು, ಅಕ್ರೋಟು, ಒಣದ್ರಾಕ್ಷಿ, ಸೇಬು ತಂದಿಟ್ಟಳು. ಮಾವ ಮಾಡಿದ ಫಲಾಹಾರ ನೋಡಿದರೆ ಊಟ ಮಾಡಿದ್ದರೆ ಆ ಮನೆಗೆ ಖರ್ಚು ಕಡಿಮೆಯಾಗುತ್ತಿತ್ತು. ನಾನು ಆಗಲೇ ತಿಂದೆನೆಂದು ಹೇಳಿ ಬೂಟಿನ ದಾರ ಕಟ್ಟುವ ನೆವದಲ್ಲಿ ಹೊರಗೆ ಹೋದೆ. ಲುಯಿಜಿ ಹಿಂದೆಯೇ ಬಂದು ಮತ್ತೊಮ್ಮೆ ಕೇಳಿದ. ಹೊಟ್ಟೆಯ ಮೇಲೆ ಕೈ ಆಡಿಸಿ ತೋರಿಸಿದೆ.

ಮಾವ ಆ ದಿನ ಜೀವನದಲ್ಲಿ ಮೊದಲ ಸಲ ಪ್ಯಾಂಟು ತೊಟ್ಟರು. ಲುಯಿಜಿಯದೇ, ಸೊಂಟಕ್ಕೆ ಸಾಲದೆ ಹಗ್ಗ ಬಿಗಿದಿತ್ತು. ರುಮಾಲು ಮಾತ್ರ ಬಿಡಲಿಲ್ಲ. "ತಲಿ ಬರಿಗುಂಡ ಇಟಕೊಂಡು ಶಿವನ ಹತ್ರ ಹೋಗಬೇಕೇನ" ಎಂದರು. ಕಾಡು ದಾಟಿ, ಜಲ್ಲಿಯ ಇಳಿಜಾರು ದಾಟಿ ಎರಡು ತಾಸಿನಲ್ಲಿ ಬಂಡೆಯ ಬುಡಕ್ಕೆ ಬಂದೆವು. ಬಿಸಿಲು ಬಿದ್ದು ಬಂಡೆ ಜೋಳದ ತೆನೆಯ ಬಣ್ಣಕ್ಕೆ ತಿರುಗಿತ್ತು. ಆಕಾಶದಲ್ಲಿ ಒಂದು ಎಳೆ ಮೋಡವಿರಲಿಲ್ಲ.

ಏಣಿ

ಮೂವರನ್ನೂ ಒಂದೇ ಹಗ್ಗಕ್ಕೆ ಕಟ್ಟಿದ. ಮುಂದೆ ಲುಯಿಜಿ, ನಡುವೆ ಮಾವ, ಹಿಂದೆ ನಾನು. ಬಂಡೆಯುದ್ದಕ್ಕೂ ಕಬ್ಬಿಣದ ಹಗ್ಗ, ಅಲ್ಲಲ್ಲಿ ಮೆಟ್ಟಿಲಿನಂತೆ ಹೊಡೆದ ಕಂಬಿಗಳು. ನಾನು ಕೆಳಗಿನಿಂದ ಮಾವನ ಕಾಲನ್ನೇ ನೋಡುತ್ತಿದ್ದೆ. ಎಲ್ಲಿ ನಡುಗುತ್ತದೋ, ಎಲ್ಲಿ ಕೂರುತ್ತಾರೋ ಎಂದು. ಮೊದಲ ಏಣಿ ದಾಟಿತು. ಮಾವ ಪ್ರತಿ ಕಂಬಿಗೂ "ಶಿವಾ" ಎನ್ನುತ್ತ, ಚೀಲ ಎಣಿಸುವವರಂತೆ ನಿಧಾನವಾಗಿ ಹತ್ತಿದರು. ಒಂದು ಕಡೆ ತಿರುಗಿ ಕೆಳಗೆ ಕಣಿವೆ ನೋಡಿ, ಹಳ್ಳಿಯ ಗಂಟೆಗೋಪುರ ತೋರಿಸಿ, "ನಮ್ಮ ಖಾನಾವಳಿ ಅದ ಅಲ್ಲೇನ?" ಎಂದು ಕೇಳಿದರು. ಮಾವನ ಕಾಲು ಆಡಿನ ಕಾಲು ಎಂದ ಲುಯಿಜಿ.

ಎರಡನೆಯ ಏಣಿ ಉದ್ದದ್ದು. ಅದರ ಮೇಲೆ ಒಂದು ಚಾಚು ಬಂಡೆ, ಅಲ್ಲಿಂದ ಅರ್ಧ ತಾಸು ಹೋದರೆ ತುದಿ, ತುದಿಯಲ್ಲಿ ಒಂದು ಮರದ ಶಿಲುಬೆ. ಅದು ನಮಗೆ ಕಾಣುತ್ತಿತ್ತು. ಮಾವ ಹತ್ತಿ ಚಾಚುಬಂಡೆ ಸೇರಿದರು. ನಾನು ನಡು ಏಣಿಯಲ್ಲಿದ್ದೆ. ಕಣ್ಣ ಮುಂದೆ ಕಂಬಿ ಎರಡಾಯಿತು. ಎರಡರಲ್ಲಿ ಯಾವುದನ್ನು ಹಿಡಿಯಲಿ ಎಂದು ಯೋಚಿಸುವಷ್ಟರಲ್ಲಿ ಕಿವಿಯಲ್ಲಿ ಜೇನು ಎದ್ದಂತಾಯಿತು. ಮೊಳಕಾಲು ನನ್ನ ಮಾತು ಕೇಳದೆ ಕುಣಿಯತೊಡಗಿತು. ಎರಡೂ ತೋಳುಗಳಿಂದ ಏಣಿಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿದೆ. ಆಮೇಲೆ ಅತ್ತುಬಿಟ್ಟೆ. ಅವ್ವಾ ಎಂದು, ಮೂವತ್ತರ ಹತ್ತಿರ ಬಂದ ಮಾಸ್ತರ, ಸದ್ದು ಮಾಡಿ ಅತ್ತೆ.

ಲುಯಿಜಿ ಮಾವನನ್ನು ಮೊಳೆಗೆ ಕಟ್ಟಿ ನಿಲ್ಲಿಸಿ, ನನ್ನ ಪಕ್ಕದವರೆಗೆ ಇಳಿದು ಬಂದ. ನನ್ನ ಬೆರಳುಗಳನ್ನು ಒಂದೊಂದಾಗಿ ಕಂಬಿಯಿಂದ ಬಿಡಿಸಿ, ಮೇಲಿನ ಕಂಬಿಗೆ ಹಚ್ಚಿ, ಮಗುವಿಗೆ ನಡೆಯಲು ಕಲಿಸಿದಂತೆ ಕಾಲನ್ನು ಕೈಯಿಂದ ಎತ್ತಿಟ್ಟು ಚಾಚುಬಂಡೆಗೆ ಮುಟ್ಟಿಸಿದ. ನನ್ನನ್ನು ಕೂಡಿಸಿ, ಬೆಳಿಗ್ಗೆ ಏನು ತಿಂದೆ ಎಂದು ಕೇಳಿದ. ಮಾವನ ಕಡೆ ತಿರುಗಿ ಹೇಳಿದೆ.

"ಮಾವ, ನಾ ಉಪಾಸ ಅದೀನ್ರಿ. ಅವ್ವ ಆಣಿ ಹಾಕಿಸ್ಯಾಳ."

ಮಾವ ನನ್ನನ್ನೇ ನೋಡಿದರು. ಆಷಾಢದ ಬಗ್ಗೆ ನಾನಾಡಿದ್ದನ್ನೆಲ್ಲ ಈಗ ಬಡ್ಡಿ ಸಮೇತ ಹಿಂತಿರುಗಿಸುತ್ತಾರೆ ಎಂದುಕೊಂಡೆ. ಅವರು ಜೇಬಿನಿಂದ ಒಣದ್ರಾಕ್ಷಿ ತೆಗೆದು ನನ್ನ ಅಂಗೈಗೆ ಸುರಿದರು.

"ತಿನ್ನು. ಶಿವಗೂ ಮಕ್ಕಳದಾವ. ನಿಮ್ಮವ್ವಗ ನಾ ಹೇಳ್ತೀನಿ."

ತಿಂದೆ. ಕಣ್ಣಿಗೆ ಬೆಳಕು ಬಂತು, ಕಾಲಿಗೆ ಬಲ ಬರಲಿಲ್ಲ. ಲುಯಿಜಿ ಆಕಾಶ ನೋಡಿ, ತುದಿ ನೋಡಿ, ನನಗೆ ಹೇಳಿದ: ಇನ್ನೂ ಹೊತ್ತಿದೆ. ನಿನ್ನನ್ನು ಈ ಮೊಳೆಗೆ ಭದ್ರವಾಗಿ ಕಟ್ಟಿ ಕೂಡಿಸುತ್ತೇನೆ. ಮಾವನನ್ನು ತುದಿಗೆ ಕರೆದುಕೊಂಡು ಹೋಗಿ ಒಂದು ತಾಸಿನಲ್ಲಿ ಬರುತ್ತೇವೆ. ಅವರನ್ನು ಕೇಳು.

ನಾನಲ್ಲದೆ ಕೇಳುವವರು ಯಾರಿದ್ದರು? ಅದನ್ನು ಮಾವನಿಗೆ ಹೇಳದೆ ಇರಬಹುದಾಗಿತ್ತು, ಮನಸ್ಸು ಆ ಕಡೆಗೆ ಎಳೆಯಿತು ಕೂಡ. ಒಬ್ಬನೇ ಆ ಬಂಡೆಯ ಮೇಲೆ ಕೂರಲು ನನಗೆ ಅಷ್ಟು ಭಯವಿತ್ತು. ಆದರೂ ಹೇಳಿದೆ, ಒಂದು ಶಬ್ದವನ್ನೂ ಬಿಡದೆ.

ಮಾವ ತಲೆಯೆತ್ತಿ ತುದಿಯನ್ನು ನೋಡಿದರು. ರುಮಾಲು ಸರಿಪಡಿಸಿಕೊಂಡು ಮತ್ತೊಮ್ಮೆ ನೋಡಿದರು. ಆಮೇಲೆ ನನ್ನ ಮೊಳಕಾಲು ನೋಡಿದರು. ಅದು ಇನ್ನೂ ಕುಣಿಯುತ್ತಿತ್ತು.

"ಕಟ್ಟಿ ಹಾಕಿ ಹೋಗಾಕ ಇವ ಏನ್ ಎಮ್ಮಿ ಕರಾನ? ಇಳಿಯೂಣು ಅನ್ನು."

"ನೀವು ಹೋಗಿ ಬರ್ರಿ ಮಾವ. ನಾ ಕುಂದರ್ತೀನಿ. ಇದಕ್ಕಂತ ಇಷ್ಟು ದಿನ ಕಾಯ್ದೀರಿ."

"ತುದ್ಯಾಗ ನಿಂತು ನಿನ್ನ ಕಡೆ ನೋಡಕೋತ ಇರೂದಾದ್ರ ತುದಿ ಯಾಕ ಬೇಕೋ. ಇಳಿ ಅಂದ್ರ ಇಳಿ."

ಇಳಿದೆವು. ನನ್ನನ್ನು ನಡುವೆ ಕಟ್ಟಿದರು. ಕೆಳಗಿನಿಂದ ಮಾವ ನನ್ನ ಬೂಟನ್ನು ಹಿಡಿದು ಒಂದೊಂದೇ ಕಂಬಿಯ ಮೇಲೆ ಇಡುತ್ತಿದ್ದರು. ಆ ದಿನ ಸಂಜೆಯವರೆಗೂ ಗುಡುಗು ಬರಲಿಲ್ಲ. ಹಳ್ಳಿಯಿಂದ ನೋಡಿದರೆ ತುದಿ ಕೈಗೆ ಸಿಗುವಂತೆ ಕಾಣುತ್ತಿತ್ತು, ನಾನು ಆ ಕಡೆ ಬೆನ್ನು ಮಾಡಿ ಕೂತೆ. ಮಂಗಳವಾರ ಲುಯಿಜಿ ಹೇಳಿದಂತೆಯೇ ಮಳೆ ಹಿಡಿಯಿತು.

ಲುಯಿಜಿಯ ಪುಸ್ತಕ

ದಾರಿ ತೋರಿಸುವವರ ಬಳಿ ಒಂದು ಪುಸ್ತಕ ಇರುತ್ತದೆ. ಜೊತೆಗೆ ಹೋದವರು ಎಲ್ಲಿಯವರೆಗೆ ಹೋದೆವು, ಹೇಗಿತ್ತು, ತಿರುಗಿ ಬಂದಿದ್ದರೆ ಯಾಕೆ ಎಂದು ತಮ್ಮ ಕೈಯಾರೆ ಬರೆಯಬೇಕು. ಅವರ ಸಂಘದ ಹಿರಿಯರು ವರ್ಷಕ್ಕೊಮ್ಮೆ ಅದನ್ನು ಓದುತ್ತಾರೆ. ಹೊರಡುವ ಮುಂಚೆ ಲುಯಿಜಿ ಅದನ್ನು ನನ್ನ ಮುಂದಿಟ್ಟ. ನಡೆದದ್ದನ್ನೇ ಬರೆಯುತ್ತೇನೆಂದು ನಾನು ಲೇಖನಿ ಎತ್ತಿದೆ. ಮಾವ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು.

"ಬರಿ. ಯಲಬುರ್ಗಾದ ಬಸಲಿಂಗಪ್ಪಗ ತಲಿ ತಿರಗಿತು, ಅದಕ್ಕ ಅರ್ಧಕ್ಕ ಇಳದ್ವಿ."

"ಅದು ಸುಳ್ಳ್ರಿ ಮಾವ."

"ಉಪಾಸ ಇದ್ದಾವನ್ನ ಕರಕೊಂಡ ಹೋಗ್ಯಾನ ಅಂತ ಬರದ್ರ ಈ ಮನಶ್ಯಾನ ಹೆಸರ ಕೆಡತೈತಿ. ನೀ ಉಂಡೀನಂತ ಸುಳ್ಳ ಹೇಳಿದಿ ಅಂತ ಬರದ್ರ ನಿನ್ನ ಹೆಸರ ಕೆಡತೈತಿ. ನಂದು ಈ ವಿಷಯದಾಗ ಮೂವತ್ತ ವರ್ಷದ ಹಿಂದ ಕೆಟ್ಟೈತಿ, ಇನ್ನೇನ ಕೆಡೂದೈತಿ? ಬರಿ."

ಲುಯಿಜಿ ಏನೆಂದು ಕೇಳಿದ. ಹೇಳಿದೆ. ಅವನು ಪುಸ್ತಕದ ಮೇಲೆ ಕೈ ಅಡ್ಡ ಇಟ್ಟು, ಇದು ಸರಿಯಲ್ಲ, ಆಡಿನ ಕಾಲಿನವನ ಬಗ್ಗೆ ತನ್ನ ಪುಸ್ತಕದಲ್ಲಿ ಇಂಥದ್ದು ಇರಕೂಡದು ಎಂದ. ಮಾವ ಅವನ ಹೆಗಲ ಮೇಲೆ ಕೈಯಿಟ್ಟು, "ಇರ್ಲಿ ಬಿಡ್ರಿ, ಲುಯಿಜಪ್ಪ" ಎಂದರು. ನಾನು ಬರೆದೆ. ಕೆಳಗೆ ಮಾವ ಕನ್ನಡದಲ್ಲಿ, ವ್ಯಾಪಾರದ ಪತ್ರಕ್ಕೆ ಮಾಡುವಂತೆ ಹೆಸರಿನ ಹಿಂದೆ ಮುಂದೆ ಗೆರೆ ಎಳೆದು, ಸಹಿ ಮಾಡಿದರು.

ಕೊಪ್ಪಳ

ಕೊಪ್ಪಳದ ಸ್ಟೇಷನ್ನಿಗೆ ಅತ್ತೆ ಬಂದಿದ್ದಳು, ಗಂಗಾವತಿಯಿಂದ ನನ್ನ ತಾಯಿಯೂ ಬಂದಿದ್ದಳು. ಎಲ್ಲರೂ ಕೂಡಿ ಯಲಬುರ್ಗಾಕ್ಕೆ ಹೋದೆವು. ಮರುದಿನ ಹೋಳಿಗೆಯ ಊಟ. ಬಳಗವೆಲ್ಲ ನೆರೆದಿತ್ತು. ಬೆಟ್ಟ ಹತ್ತಲಿದ್ದೇವೆಂದು ನಾನು ಮಿಲಾನಿನಿಂದ ಮೊದಲೇ ಕಾಗದ ಬರೆದಿದ್ದೆ, ತುಪ್ಪದ ಗಿಂಡಿ ಹಿಡಿದು ಅತ್ತೆ ಕೇಳಿಯೇ ಬಿಟ್ಟಳು.

"ಹತ್ತಿದ್ರೇನ್ರಿ ತುದಿತನ?"

"ಎಲ್ಲಿ ಹತ್ತೂದು. ಅರ್ಧಕ್ಕ ತಲಿ ತಿರಗಿತು, ಇಳದ ಬಂದೆ" ಎಂದರು ಮಾವ.

ಪಂಗತಿಗೆ ಪಂಗತಿಯೇ ನಕ್ಕಿತು. ಅತ್ತೆ ನಗುತ್ತ ಗೋಡೆಗೆ ಒರಗಿದಳು. "ಕೊಪ್ಪಳದಾಗ ಇಳಿಯೂದು ಸಾಲಲಿಲ್ಲಂತ ವಿಲಾಯತಿಗೆ ಹೋಗಿ ಇಳದ ಬಂದ್ರು ನಮ್ಮನಿಯವರು" ಎಂದು ಒಳಗಿದ್ದವರಿಗೂ ಕೇಳುವಂತೆ ಹೇಳಿದಳು. ಮಾವನೂ ನಕ್ಕರು. ನಕ್ಕು, ನನ್ನ ತಾಯಿಯ ಕಡೆ ತಿರುಗಿ, "ನಿನ್ನ ಮಗ ಮಾತ್ರ ಆಣಿ ಮರೀಲಿಲ್ಲ ನೋಡವ್ವ ತಂಗಿ. ಸೋಮವಾರ ಬಂತಂದ್ರ ಉಪಾಸ" ಎಂದರು. ಒಣದ್ರಾಕ್ಷಿಯ ಸುದ್ದಿ ಎತ್ತಲಿಲ್ಲ. ತಾಯಿಯ ಕಣ್ಣಲ್ಲಿ ನೀರು ಬಂತು. ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು. ನಾನು ತಲೆ ಬಗ್ಗಿಸಿ ಅದನ್ನು ತಿಂದೆ. ಆ ಹೊತ್ತಿನಲ್ಲಿ ಬಾಯಿ ತೆರೆದು ನಾಲ್ಕು ಮಾತು ಹೇಳಿದ್ದರೆ ಸಾಕಾಗಿತ್ತು. ಹೇಳಲಿಲ್ಲ. ಅದರ ನಾಚಿಕೆ ಈಗಲೂ ನನ್ನನ್ನು ಬಿಟ್ಟಿಲ್ಲ.

ಮುಂದೆ ಎಷ್ಟೋ ಪಂಗತಿಗಳಲ್ಲಿ ಅತ್ತೆ ವಿಲಾಯತಿಯ ಕಥೆಯನ್ನೂ ಸೇರಿಸಿ ಅಭಿನಯಿಸಿದಳು. ಪ್ರತಿ ಸಲವೂ ನಾನು ಅಲ್ಲೇ ಇದ್ದೆ. ಪ್ರತಿ ಸಲವೂ ಮಾವ ನನ್ನ ಕಡೆ ನೋಡದಂತೆ ಎಚ್ಚರ ವಹಿಸಿ ನಕ್ಕರು.

ಮಾವ ತೀರಿಕೊಂಡು ಎರಡು ವರ್ಷವಾಯಿತು. ತಲೆ ತಿರುಗಿದ್ದು ಅವರಿಗಲ್ಲ, ನನಗೆ. ಎರಡು ಏಣಿಗಳನ್ನೂ ಅವರು ನಿರಾಯಾಸವಾಗಿ ಹತ್ತಿದರು, ಅರ್ಧ ತಾಸಿನ ದಾರಿಯ ತುದಿಯನ್ನು ನನಗಾಗಿ ಬಿಟ್ಟರು. ಇದನ್ನು ಮಾಸಪತ್ರಿಕೆಯವರು ಅಚ್ಚು ಹಾಕುತ್ತೇವೆಂದಿದ್ದಾರೆ. ಊರವರೆಲ್ಲ ಓದಬಹುದು. ನೀಲವ್ವ ಅತ್ತೆಗೆ ಅಕ್ಷರ ಬರುವುದಿಲ್ಲ. ಪತ್ರಿಕೆ ಕೈಗೆ ಬಂದ ದಿನ ಯಲಬುರ್ಗಾಕ್ಕೆ ಹೋಗಿ, ಅವಳ ಮುಂದೆ ಕೂತು, ನಾನೇ ಓದಿ ಹೇಳಬೇಕು.